ಕರೆಂಟು ಬಿಲ್ಲಿನ ಹಿಂಬದಿ

2021ರ ಏಪ್ರಿಲ್ 14ರಂದು ಸಿಬಿಎಸ್‌ಇ ಹತ್ತನೇ ತರಗತಿ ಪರೀಕ್ಷೆ ರದ್ದಾಯಿತೆಂದು ಟಿ.ವಿ.ಯಲ್ಲಿ ಬಂದಾಗ ನನ್ನ ಮಗಳು ಮೊದಲು ಕುಣಿದಳು, ಸ್ವಲ್ಪ ಹೊತ್ತಿಗೇ ಬಿಕ್ಕಿ ಬಿಕ್ಕಿ ಅತ್ತಳು. ವರ್ಷವಿಡೀ ಮೊಬೈಲಿನ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದೆಲ್ಲ ಯಾರಿಗೆ ಬೇಕಾಗಿತ್ತು ಅನ್ನುವ ಸಂಕಟ ಅವಳಿಗೆ. ಅವಳ ತಲೆ ಸವರುತ್ತ ಕೂತಿದ್ದಾಗಲೇ ಒಳಕೋಣೆಯಿಂದ ನಮ್ಮವರು ಕೆಮ್ಮಿದ್ದು ಕೇಳಿಸಿತು. ಒಣಕೆಮ್ಮು. ಆ ವರ್ಷ ಅಂಥ ಕೆಮ್ಮನ್ನು ಯಾರೂ ಬರೀ ಕೆಮ್ಮು ಅಂದುಕೊಳ್ಳುತ್ತಿರಲಿಲ್ಲ.

ನಾವಿರುವುದು ಗುರುಗ್ರಾಮದಲ್ಲಿ, ಗಾಲ್ಫ್ ಕೋರ್ಸ್ ರಸ್ತೆಯಿಂದ ಸ್ವಲ್ಪ ಒಳಗೆ, ಒಂಬತ್ತನೇ ಮಹಡಿಯ ಫ್ಲಾಟಿನಲ್ಲಿ. ತಿಪಟೂರಿನ ಕಡೆಯವಳು ನಾನು. ತೋಟ, ಕೊಬ್ಬರಿ ಅಟ್ಟ, ಅಪ್ಪ ಅಮ್ಮ ಎಲ್ಲ ಬಿಟ್ಟು ಇಲ್ಲಿಗೆ ಬಂದಾಗ ಈ ಊರು ಇನ್ನೂ ಗುಡಗಾಂವ್; ಹೆಸರು ಬದಲಾದದ್ದು 2016ರಲ್ಲಿ. ಬಾಲ್ಕನಿಯಲ್ಲಿ ನಿಂತರೆ ಒಂದು ಕಡೆ ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ಅರಾವಳಿಯ ಕುರುಚಲು ಗುಡ್ಡ. ಇಲ್ಲಿ ಬಂಧುಗಳು ಅಂತ ಯಾರೂ ಇಲ್ಲ. ಸುಖ ಇದ್ದಾಗ ಅದು ಗೊತ್ತೇ ಆಗುವುದಿಲ್ಲ.

ಮೂರನೇ ದಿನಕ್ಕೆ ಜ್ವರ ಏರಿತು. ಮೂಗಿನಿಂದ ಮಾದರಿ ತೆಗೆದುಕೊಂಡ ಲ್ಯಾಬಿನ ಹುಡುಗ, "ರಿಪೋರ್ಟ್ ಯಾವಾಗ ಬರುತ್ತೆ ಅಂತ ಮಾತ್ರ ಕೇಳಬೇಡಿ ಭಾಭೀಜಿ" ಅಂತ ಹಿಂದಿಯಲ್ಲಿ ಹೇಳಿ ಕೈ ಮುಗಿದು ಹೋದ. 19ರ ರಾತ್ರಿಯಿಂದ ಪಕ್ಕದ ದೆಹಲಿಗೆ ಲಾಕ್‌ಡೌನ್ ಬಿತ್ತು. ಹರಿಯಾಣಕ್ಕೆ ಬಿದ್ದದ್ದು ಮೇ 3ರಂದು, ಆದರೆ ನಮ್ಮ ರಸ್ತೆ ಅದಕ್ಕೆ ಮೊದಲೇ ಖಾಲಿಯಾಗಿತ್ತು. ರಾತ್ರಿಯೆಲ್ಲ ಆಂಬುಲೆನ್ಸಿನ ಕೂಗು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಾತ್ರಿ 94 ತೋರಿಸಿತು, ಬೆಳಗಾಗುವ ಹೊತ್ತಿಗೆ 91, ಮಧ್ಯಾಹ್ನಕ್ಕೆ 88. ಎದೆ ಕೆಳಗೆ ದಿಂಬು ಕೊಟ್ಟು ಬೋರಲು ಮಲಗಿಸಿದೆ. ಎರಡು ಅಂಕಿ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಆಸ್ಪತ್ರೆಗಳಿಗೆ ಫೋನು ಮಾಡಿದರೆ ಹಾಸಿಗೆ ಇಲ್ಲ ಅನ್ನುವ ಒಂದೇ ಉತ್ತರ. ಹಾಗೆ ಹೇಳುತ್ತಿದ್ದವರ ದನಿಯೂ ಒಡೆದಿತ್ತು, ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ.

ಎದುರು ಮನೆಯಲ್ಲಿ ಒಬ್ಬರು ಪಂಜಾಬಿ ಆಂಟೀಜಿ ಇದ್ದಾರೆ. ಅಲ್ಲಿಯತನಕ ಲಿಫ್ಟಿನಲ್ಲಿ ನಮಸ್ತೆ ಹೇಳುವಷ್ಟೇ ಪರಿಚಯ. ಅವತ್ತು ಅವರ ಮಗ ಎರಡೆರಡು ಮಾಸ್ಕು ಹಾಕಿಕೊಂಡು ಬಂದು, ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ನಮ್ಮವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸೆಕ್ಟರ್ 61ಕ್ಕೆ ಕರೆದುಕೊಂಡು ಹೋದ. ಅಲ್ಲಿ ಹೇಮಕುಂಟ್ ಫೌಂಡೇಶನ್ನಿನ ಸಿಖ್ ಹುಡುಗರು ಕಾರಿನಲ್ಲಿ ಕೂತವರಿಗೆ ಕೂತಲ್ಲೇ ಆಮ್ಲಜನಕ ಕೊಡುತ್ತಿದ್ದರು. ಸಿಲಿಂಡರ್ ಉರುಳಿಸಿಕೊಂಡು ಬಂದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಮೂಗಿಗೆ ಕೊಳವೆ ಇಟ್ಟು, ರೆಗ್ಯುಲೇಟರಿನ ಮುಳ್ಳು ನೋಡಿ, "ಅಂಕಲ್‌ಜಿ, ನಿಧಾನಕ್ಕೆ ಉಸಿರಾಡಿ, ಗಾಳಿ ಬೇಕಾದಷ್ಟಿದೆ" ಅಂದ. ಇಡೀ ದೇಶದಲ್ಲಿ ಗಾಳಿಗೆ ಬರ ಬಂದಿದ್ದ ವಾರದಲ್ಲಿ ಬೇಕಾದಷ್ಟಿದೆ ಅಂತ ಹೇಳಿದವನು ಅವನೊಬ್ಬನೇ. ಆ ರಾತ್ರಿ ಒಂದು ಕಡೆ ಹಾಸಿಗೆ ಸಿಕ್ಕಿತು. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಆಮೇಲೆ ಅವರ ಮುಖ ಕಾಣುತ್ತಿದ್ದದ್ದು, ನರ್ಸಮ್ಮ ಬಿಡುವು ಮಾಡಿಕೊಂಡು ವಿಡಿಯೊ ಕಾಲ್ ಮಾಡಿಸಿದಾಗ ಮಾತ್ರ.

ಇದಿಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ ಅಂತ ಈಗಲೂ ಅನಿಸುತ್ತದೆ.

ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕವೂ ಮುಚ್ಚಿತು. ಅದೇ ವಾರ ಬೆಳಗಿನ ಜಾವ ಅಮ್ಮನ ಫೋನು. ಬಚ್ಚಲು ಮನೆಯಲ್ಲಿ ಅಪ್ಪ ಜಾರಿ ಬಿದ್ದಿದ್ದರು. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಎಪ್ಪತ್ತು ದಾಟಿದ ಮೇಲೆ ಆ ಮೂಳೆ ಮುರಿದರೆ ಬೇಗ ಆಪರೇಷನ್ ಮಾಡಿ ಎದ್ದು ಕೂರಿಸಬೇಕು. ಮಲಗಿದಲ್ಲೇ ಇದ್ದರೆ ಬೆನ್ನು ಹುಣ್ಣಾಗುತ್ತದೆ, ಎದೆಗೆ ಕಫ ಕಟ್ಟುತ್ತದೆ. ಆಪರೇಷನ್ನಿಗೆ ಕೋವಿಡ್ ರಿಪೋರ್ಟು ಬೇಕು, ರಕ್ತ ಕೊಡುವವರು ಬೇಕು, ಆಸ್ಪತ್ರೆಗೆ ಸಾಗಿಸುವುದಕ್ಕೆ ಗಾಡಿ ಬೇಕು. ಅಮ್ಮ ಒಬ್ಬಳೇ.

ತಮ್ಮ ಬೆಂಗಳೂರಿನಲ್ಲಿದ್ದ. ಒಂದು ಟೆಂಪೊ ಟ್ರಾವೆಲರ್ ಇಟ್ಟುಕೊಂಡು ಧರ್ಮಸ್ಥಳ, ಶೃಂಗೇರಿ, ಊಟಿ ಅಂತ ಪ್ರವಾಸದವರನ್ನು ಕರೆದುಕೊಂಡು ಹೋಗುತ್ತಿದ್ದ. 2020ರ ಮಾರ್ಚಿನಿಂದ ಗಾಡಿ ಹೊರಟೇ ಇರಲಿಲ್ಲ ಅನ್ನಬೇಕು. ಸಾಲದ ಕಂತಿಗೆ ರಿಸರ್ವ್ ಬ್ಯಾಂಕು ಕೊಟ್ಟಿದ್ದ ವಿನಾಯಿತಿ ಆ ವರ್ಷದ ಆಗಸ್ಟಿಗೇ ಮುಗಿಯಿತು. ಬಡ್ಡಿ ಬೆಳೆಯಿತು. ಗಾಡಿ ಎಳೆದುಕೊಂಡು ಹೋದರು. ಆಮೇಲೆ ಅವನು ಮಾತು ಕಡಿಮೆ ಮಾಡಿದ. ಫೋನು ಮಾಡಿದರೆ "ಹೂಂ ಅಕ್ಕ, ನೋಡಣ ಅಕ್ಕ" ಅಷ್ಟೇ. ಬಾಯಿ ತುಂಬ ಮಾತಾಡುವ ಹುಡುಗ ಹೀಗಾದದ್ದು ಕಂಡು ನನಗೆ ಒಳಗೊಳಗೇ ಒಂದು ಭಯ ಇತ್ತು. ಆ ಭಯಕ್ಕೆ ಹೆಸರು ಕೊಡುವುದಕ್ಕೆ ಧೈರ್ಯ ಇರಲಿಲ್ಲ.

ನನ್ನ ದೇಹ ಕೈಕೊಟ್ಟದ್ದು ಅಪ್ಪ ಬಿದ್ದ ಸುದ್ದಿ ಬಂದ ಮಾರನೇ ರಾತ್ರಿ. ಎರಡು ಗಂಟೆ ಇರಬೇಕು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಹೊಡೆದುಕೊಳ್ಳುವುದಕ್ಕೆ ಶುರುವಾಯಿತು. ಗಂಟಲು ಕಟ್ಟಿತು, ಉಸಿರು ಮೇಲಿಂದ ಮೇಲೆ. ಬೆರಳ ತುದಿ, ತುಟಿ ಎಲ್ಲ ಜುಮುಜುಮು. ನನಗೂ ಬಂತು, ನಾನೂ ಹೋದರೆ ಮಗಳಿಗೆ ಯಾರು ಅಂತ ಒಂದೇ ಯೋಚನೆ. ಕತ್ತಲಲ್ಲೇ ಆಕ್ಸಿಮೀಟರ್ ಹುಡುಕಿ ಬೆರಳಿಗೆ ಸಿಕ್ಕಿಸಿಕೊಂಡೆ. ಕೆಂಪು ಅಕ್ಷರದಲ್ಲಿ 98 ಅಂತ ಬಂತು. ನಂಬಲಿಲ್ಲ. ಇನ್ನೊಂದು ಬೆರಳಿಗೆ ಹಾಕಿದೆ, ಮತ್ತೆ 98. ಯಂತ್ರ ಕೆಟ್ಟಿರಬೇಕು ಅಂತ ಬ್ಯಾಟರಿ ತೆಗೆದು ಹಾಕಿದೆ. 98. ಆ ಯಂತ್ರದಲ್ಲಿ ಕೆಳಗೆ ಇನ್ನೊಂದು ಅಂಕಿ ಬರುತ್ತದಲ್ಲ, ನಾಡಿಬಡಿತದ್ದು, ಅದು 130 ದಾಟಿತ್ತು. ಅದನ್ನು ನಾನು ನೋಡಿಯೂ ನೋಡಿರಲಿಲ್ಲ.

ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ಹುಲಿ ಎದುರಿಗೆ ಬಂದಾಗ ಓಡುವುದಕ್ಕೆ ದೇಹ ಏನೇನು ತಯಾರಿ ಮಾಡಿಕೊಳ್ಳುತ್ತದೋ ಅದನ್ನೆಲ್ಲ ಹುಲಿಯಿಲ್ಲದೆಯೇ ಮಾಡಿಕೊಳ್ಳುತ್ತದೆ. ಅಡ್ರಿನಲಿನ್ ಸುರಿಯುತ್ತದೆ, ಗುಂಡಿಗೆ ಓಡುತ್ತದೆ. ಉಸಿರು ಜೋರಾದಂತೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಡುತ್ತದೆ, ತಲೆ ಹಗುರಾಗುತ್ತದೆ. ಉಸಿರು ಸಾಲುತ್ತಿಲ್ಲ ಅನಿಸುತ್ತಿರುವುದು ನಿಜಕ್ಕೂ ಉಸಿರು ಹೆಚ್ಚಾಗಿರುವುದರಿಂದ. ಹೊತ್ತು ಕಳೆದರೆ ತಾನಾಗಿ ಇಳಿಯುತ್ತದೆ. ಆದರೆ ಆಮ್ಲಜನಕ ಸಿಗದೆ ಜನ ಸಾಯುತ್ತಿದ್ದ ಊರಿನಲ್ಲಿ, ಗಂಡ ಆಸ್ಪತ್ರೆಯಲ್ಲಿದ್ದ ಹೆಂಗಸಿಗೆ, ರಾತ್ರಿ ಎರಡು ಗಂಟೆಯಲ್ಲಿ ಇದನ್ನೆಲ್ಲ ಹೇಳುವವರು ಯಾರಿದ್ದರು?

ಅಲ್ಲಿಂದ ಮುಂದೆ ರಾತ್ರಿ ಅಂದರೆ ಹೆದರಿಕೆ. ಫೋನು ರಿಂಗಾದರೆ ಹೆದರಿಕೆ, ರಿಂಗಾಗದಿದ್ದರೂ ಹೆದರಿಕೆ. ಗುಜರಾತಿನಿಂದ ಅತ್ತಿಗೆ, ಮೈಸೂರಿನಿಂದ ಚಿಕ್ಕಮ್ಮ, ಎಲ್ಲರೂ ಫೋನು ಮಾಡುತ್ತಿದ್ದರು, ಧೈರ್ಯ ತಂದ್ಕೋ ಅನ್ನುತ್ತಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಧೈರ್ಯ ತಂದುಕೊಳ್ಳುವುದಕ್ಕೆ ಅದು ಎಲ್ಲಿಟ್ಟಿದೆ ಅಂತ ಗೊತ್ತಿರಬೇಕಲ್ಲ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು 2020ರ ಮಾರ್ಚಿನಲ್ಲೇ ಕೋವಿಡ್ ಕಾಲದ ಮಾನಸಿಕ ನೆರವಿಗೆ ಅಂತ ಒಂದು ಸಹಾಯವಾಣಿ ತೆರೆದಿದ್ದರು, ಹಲವು ಭಾಷೆಗಳಲ್ಲಿ. ಅದರ ನಂಬರನ್ನು ದೆಹಲಿಯ ಕನ್ನಡ ಗೆಳತಿಯೊಬ್ಬಳು ಕಳಿಸಿದ್ದಳು. ಒಂದು ರಾತ್ರಿ ಮಗಳು ಮಲಗಿದ ಮೇಲೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತು ಆ ನಂಬರ್ ಒತ್ತಿದೆ. ಕನ್ನಡ ಆರಿಸಿಕೊಂಡೆ. ಆ ಕಡೆ ಒಬ್ಬ ಹೆಣ್ಣುಮಗಳು, "ಹೇಳಿ ಅಮ್ಮ" ಅಂದಳು. ನನ್ನ ಬಾಯಿಂದ ಮಾತು ಬರಲಿಲ್ಲ. ಅವಳು ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಊಟ ಆಯ್ತಾ?" ಅಂತ ಕೇಳಿದಳು. ಇಲ್ಲ ಅಂದೆ. "ಮನೇಲಿ ಏನಿದೆ?" ಮಧ್ಯಾಹ್ನದ ಅನ್ನ, ಮೊಸರು. "ಮೊಸರನ್ನ ಕಲಸ್ಕೊಂಡು ಬನ್ನಿ, ನಾನು ಲೈನಲ್ಲೇ ಇರ್ತೀನಿ." ಫೋನನ್ನು ಸ್ಪೀಕರಿಗೆ ಹಾಕಿ ಕಲಸಿಕೊಂಡೆ. ತಿನ್ನುತ್ತ ತಿನ್ನುತ್ತ ಅತ್ತೆ. ಅತ್ತಾದ ಮೇಲೆ ಮಾತು ಬಂತು.

ನಾನು ಎಲ್ಲವನ್ನೂ ಒಟ್ಟಿಗೇ ಹೇಳುತ್ತಿದ್ದೆ ಅಂತ ಕಾಣುತ್ತದೆ. ಆಕ್ಸಿಜನ್ನು, ಅಪ್ಪನ ಕಾಲು, ತಮ್ಮನ ಸಾಲ, ಮತ್ತೆ ಆಕ್ಸಿಜನ್ನು. ಅವಳು ತಡೆದಳು. "ಒಂದು ಹಾಳೆ, ಪೆನ್ನು ತಗೊಳ್ಳಿ ಅಮ್ಮ. ಒಂದೊಂದೇ ಬರೀರಿ." ಕೈಗೆ ಸಿಕ್ಕಿದ್ದು ಫ್ರಿಜ್ಜಿನ ಮೇಲಿದ್ದ ದಕ್ಷಿಣ ಹರಿಯಾಣ ಬಿಜ್ಲಿ ವಿತರಣ ನಿಗಮದ ಕರೆಂಟು ಬಿಲ್ಲು. ಅದರ ಹಿಂಬದಿಯಲ್ಲಿ ಬರೆದೆ. ನಮ್ಮವರ ಉಸಿರು. ಅಪ್ಪನ ಆಪರೇಷನ್. ಅಮ್ಮ ಒಬ್ಬಳೇ ಇರುವುದು. ತಮ್ಮ. ಆಸ್ಪತ್ರೆಯ ಬಿಲ್ಲು, ವಿಮೆಯ ಕಾಗದ. ಮಗಳು. "ಈಗ ಒಂದೊಂದರ ಮುಂದೂ ಅದನ್ನ ಮಾಡಬೇಕಾದವರ ಹೆಸರು ಬರೀರಿ. ಎಲ್ಲದಕ್ಕೂ ನಿಮ್ಮ ಹೆಸರೇ ಬರೀಬೇಡಿ, ಯೋಚನೆ ಮಾಡಿ ಬರೀರಿ." ನಮ್ಮವರ ಉಸಿರಿನ ಮುಂದೆ ಡಾಕ್ಟರು ಅಂತ ಬರೆದೆ. ಹಾಗೆ ಬರೆಯುವಾಗ ಕೈ ನಡುಗಿತು, ಬರೆದ ಮೇಲೆ ಎದೆಯ ಭಾರ ಒಂದು ಚೂರು ಇಳಿದದ್ದೂ ನಿಜ. ವಿಮೆಗೆ ಅವರ ಆಫೀಸಿನ ಸಹೋದ್ಯೋಗಿ. ಮಗಳಿಗೆ ನಾನು. ಅಪ್ಪನ ಆಪರೇಷನ್ನಿನ ಮುಂದೆ ಬಹಳ ಹೊತ್ತು ಏನೂ ಬರೆಯಲಿಲ್ಲ. "ತಮ್ಮ ಇದಾರಲ್ಲ?" ಅಂತ ಅವಳೇ ಕೇಳಿದಳು. ಅವನೇ ಕುಸಿದಿದ್ದಾನೆ, ಅವನ ಮೇಲೆ ಇದನ್ನೂ ಹೇಗೆ ಹೊರಿಸಲಿ ಅಂದೆ. "ಕೇಳಿ ನೋಡಿ. ಆಗಲ್ಲ ಅಂದ್ರೆ ಬೇರೆ ದಾರಿ ನೋಡೋಣ" ಅಂದಳು.

ಫೋನು ಇಡುವ ಮೊದಲು ಇನ್ನೊಂದು ಮಾತು ಬರೆಸಿದಳು: ನಿದ್ದೆ, ಊಟ, ಆಸಕ್ತಿ ಹೋಗಿ ಎರಡು ವಾರಕ್ಕಿಂತ ಹೆಚ್ಚಾದರೆ ಮನೋವೈದ್ಯರನ್ನು ಕಾಣುವುದು. ಬಿಲ್ಲಿನ ತೀರ ಕೆಳಗೆ, ಅಂಚಿನಲ್ಲಿ, ಚಿಕ್ಕ ಅಕ್ಷರದಲ್ಲಿ ಬರೆದುಕೊಂಡೆ.

ಮಾರನೇ ದಿನ ತಮ್ಮನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಕೈಯಲ್ಲಿ ಆಗುತ್ತಿಲ್ಲ ಕಣೋ ಅಂದೆ. ಅವನು ಸುಮ್ಮನಿದ್ದ. ಆಮೇಲೆ, "ಅಪ್ಪನ ವಿಷ್ಯ ನಂಗೆ ಬಿಟ್‌ಬಿಡು ಅಕ್ಕ. ಗಾಡಿ ಹೋಗಿರಬೋದು, ಓಡ್ಸೋದು ಮರೆತಿಲ್ವಲ್ಲ" ಅಂದ. ಸ್ನೇಹಿತನ ಓಮ್ನಿ ಇಸಿದುಕೊಂಡು, ಚೆಕ್‌ಪೋಸ್ಟಿನಲ್ಲಿ ಅಪ್ಪನ ಎಕ್ಸ್‌ರೇ ಫೋಟೊ ತೋರಿಸಿ ಪೊಲೀಸರನ್ನು ಒಪ್ಪಿಸಿ, ರಾತ್ರೋರಾತ್ರಿ ಊರು ಸೇರಿದ. ಅಪ್ಪನನ್ನು ತುಮಕೂರಿಗೆ ಸಾಗಿಸಿದ. ರಕ್ತ ಹೊಂದಿಸಿದ. ಆಪರೇಷನ್ ಆದ ಮಾರನೇ ದಿನ ಅಪ್ಪನನ್ನು ಮಂಚದ ಅಂಚಿಗೆ ಕೂರಿಸಿದ ಫೋಟೊ ಕಳಿಸಿದ. ಅಪ್ಪನ ಭುಜದ ಹಿಂದೆ ಕಾಣುತ್ತಿದ್ದ ಆ ಕೈ ನನ್ನ ತಮ್ಮನದು. ಆ ಫೋಟೊವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ. ತಮ್ಮನಿಗೂ ಒಂದು ಕೆಲಸ ಬೇಕಾಗಿತ್ತು ಅನ್ನುವುದು ನನಗೆ ಹೊಳೆದದ್ದು ಆವಾಗಲೇ.

ಮೇ 6ರಂದು ಒಂದೇ ದಿನಕ್ಕೆ ದೇಶದಲ್ಲಿ ನಾಲ್ಕು ಲಕ್ಷ ಹದಿನಾಲ್ಕು ಸಾವಿರ ಹೊಸ ಸೋಂಕು. ಟಿ.ವಿ. ಹಾಕುವುದನ್ನೇ ನಿಲ್ಲಿಸಿದೆ. ಮೇ ಮೂರನೇ ವಾರ ಅರಬ್ಬಿ ಸಮುದ್ರದಲ್ಲಿ ಎದ್ದ ತೌಕ್ತೆ ಚಂಡಮಾರುತದ ಬಾಲ ಇಲ್ಲಿಯತನಕ ಬಂತು. 19ರಿಂದ 20ರ ಬೆಳಗಿನವರೆಗೆ ದೆಹಲಿಯ ಸಫ್ದರ್‌ಜಂಗ್‌ನಲ್ಲಿ 119 ಮಿಲಿಮೀಟರ್ ಮಳೆ. ಮೇ ತಿಂಗಳಲ್ಲಿ ಅಷ್ಟು ಮಳೆ ಅಲ್ಲಿ ಒಂದು ದಿನದಲ್ಲಿ ಎಂದೂ ಬಿದ್ದಿರಲಿಲ್ಲ. ಬಿಸಿಗಾಳಿ ಬೀಸಬೇಕಾದ ಹೊತ್ತಿನಲ್ಲಿ ನಮ್ಮ ಮಲೆನಾಡಿನ ಆಷಾಢದಂಥ ಜಿಟಿಜಿಟಿ. ಆ ಮಳೆಯಲ್ಲೇ ನಮ್ಮವರು ಮನೆಗೆ ಬಂದರು. ಷರಟು ಹ್ಯಾಂಗರಿಗೆ ತೂಗುಹಾಕಿದ ಹಾಗೆ ಮೈಮೇಲೆ ನೇತಾಡುತ್ತಿತ್ತು. ಆಂಟೀಜಿ ಬಾಗಿಲಲ್ಲೇ ನಿಂತು ರಾಜ್ಮಾ ಚಾವಲ್ ಡಬ್ಬಿ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಕೇಳಿದವರೆಲ್ಲ, ಸದ್ಯ, ದೇವರು ದೊಡ್ಡವನು ಅಂತ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾನು ಹೇಳಬೇಕಾದದ್ದು ಇದರ ಮುಂದಿನದು.

ಜೂನ್ ಹೊತ್ತಿಗೆ ಅಪ್ಪ ವಾಕರ್ ಹಿಡಿದು ನಡೆಯುತ್ತಿದ್ದರು. ನಮ್ಮವರು ಮನೆಯಿಂದಲೇ ಕೆಲಸ ಶುರು ಮಾಡಿದ್ದರು. ಮಗಳು ಹನ್ನೊಂದನೇ ತರಗತಿಯ ಪುಸ್ತಕ ತರಿಸಿಕೊಂಡಿದ್ದಳು. ಎಲ್ಲರೂ ಎದ್ದರು, ನಾನು ಮಲಗಿದೆ. ಮೊದಮೊದಲು ದಣಿವು ಅಂದುಕೊಂಡೆವು. ಆದರೆ ದಣಿವಾದರೆ ಮಲಗಿ ಎದ್ದಾಗ ಹೋಗಬೇಕು. ನನಗೆ ಬೆಳಗ್ಗೆ ನಾಲ್ಕಕ್ಕೇ ಎಚ್ಚರ, ಎದ್ದು ಕೂರುವುದು ಮಾತ್ರ ಹತ್ತಾದರೂ ಆಗುತ್ತಿರಲಿಲ್ಲ. ಕೆಳಗೆ ತರಕಾರಿ ಗಾಡಿಯವನು ಬಂದು ಸೋರೆಕಾಯಿಯೋ ಬೆಂಡೆಕಾಯಿಯೋ ಅಂತ ಕೇಳಿದರೆ ಉತ್ತರ ಹೊಳೆಯದೆ ಸುಮ್ಮನೆ ನಿಲ್ಲುತ್ತಿದ್ದೆ; ಅವನು ಪಾಪ ಎರಡೂ ಅರ್ಧರ್ಧ ಕಿಲೊ ಹಾಕಿ ಕಳಿಸುತ್ತಿದ್ದ. ಮೊಳಕೆಗೆ ಕಟ್ಟಿಟ್ಟ ಹೆಸರುಕಾಳು ಬಟ್ಟೆಯಲ್ಲೇ ಹಳಸಿ ನಾತ ಹೊಡೆಯಿತು. ಆ ವಾಸನೆ ನನ್ನ ಮೂಗಿಗೆ ಬರುತ್ತಿತ್ತು, ಎದ್ದು ಬಿಸಾಡಬೇಕು ಅಂತಲೂ ಗೊತ್ತಿತ್ತು, ಎದ್ದೇಳಲು ಆಗಲಿಲ್ಲ. ಅಳುವೂ ಬರುತ್ತಿರಲಿಲ್ಲ. ದುಃಖ ಅಂದರೆ ಅಳು ಅಂತ ತಿಳಿದಿದ್ದವಳು ನಾನು. ಇದು ಬೇರೆ. ಇದರಲ್ಲಿ ಏನೂ ಇರಲಿಲ್ಲ.

ನಾನಿಲ್ಲದಿದ್ದರೆ ಇವರೆಲ್ಲರಿಗೂ ಹಗುರ ಅನ್ನುವ ಯೋಚನೆ ಬರತೊಡಗಿತು. ಗಾಬರಿಯಿಂದ ಬಂದದ್ದಲ್ಲ ಅದು. ಮನೆಯ ಲೆಕ್ಕ ನೋಡುವಾಗ ಬರುವ ಮಾತಿನಷ್ಟು ತಣ್ಣಗೆ ಬರುತ್ತಿತ್ತು. ಅದನ್ನು ಇಲ್ಲಿ ಬರೆಯುತ್ತಿರುವುದು, ಇದನ್ನು ಓದುತ್ತಿರುವ ಯಾರಿಗಾದರೂ ಅದೇ ಯೋಚನೆ ಬಂದಿದ್ದರೆ, ಅದು ರೋಗ ಆಡಿಸುವ ಮಾತು, ತಮ್ಮ ಮಾತಲ್ಲ ಅಂತ ಅವರಿಗೆ ಗೊತ್ತಾಗಲಿ ಅಂತ. ಇವತ್ತೇ ಯಾರಿಗಾದರೂ ಹೇಳಿ.

ಮಗಳು ಫ್ರಿಜ್ಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಿದ್ದಾಗ ಆ ಬಿಲ್ಲು ಸಿಕ್ಕಿತು. ಅವಳಿಗೆ ಕನ್ನಡ ಓದುವುದು ನಿಧಾನ. ನಮ್ಮಮ್ಮ ಬೇಸಿಗೆ ರಜೆಯಲ್ಲಿ ಕೂರಿಸಿಕೊಂಡು ಕಲಿಸಿದ್ದು. ಒಂದೊಂದೇ ಅಕ್ಷರ ಕೂಡಿಸಿ ಕೆಳಗಿನ ಸಾಲು ಓದಿದಳು. "ಎರಡು ವಾರಕ್ಕಿಂತ ಹೆಚ್ಚಾದರೆ." ನನ್ನ ಪಕ್ಕ ಬಂದು ಕೂತು, "ಅಮ್ಮಾ, ಎರಡು ತಿಂಗಳಾಯ್ತು" ಅಂದಳು. ಅವರಪ್ಪನಿಗೆ ಅವಳೇ ಹೇಳಿದಳು. ಅವರಿಗೂ ಗೊತ್ತಾಗಿತ್ತಂತೆ, ಹೇಗೆ ಎತ್ತಬೇಕು ಅಂತ ತಿಳಿಯದೆ ದಿನ ದೂಡುತ್ತಿದ್ದರಂತೆ.

ಗುರುಗ್ರಾಮದಲ್ಲೇ ಒಬ್ಬ ಮನೋವೈದ್ಯೆಯ ಹತ್ತಿರ ಹೋದೆವು. ಹಿಂದಿಯಲ್ಲಿ ಮಾತಾಡುವುದು ನನಗೆ ಕಷ್ಟವೇನಲ್ಲ, ಆದರೆ ಹೊಟ್ಟೆಯೊಳಗಿನದ್ದು ಹಿಂದಿಯಲ್ಲಿ ಬರಲಿಲ್ಲ. ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ನಮ್ಮವರು ಹಿಂದಿಯಲ್ಲಿ ಹೇಳುತ್ತ ಹೋದರು. ನಾನಿಲ್ಲದಿದ್ದರೆ ಹಗುರ ಅಂದದ್ದನ್ನು ಅನುವಾದ ಮಾಡುವಾಗ ಅವರ ಗಂಟಲು ಕಟ್ಟಿ ನಿಂತುಬಿಟ್ಟಿತು. ಡಾಕ್ಟರು ನೀರು ಕೊಟ್ಟು, ಕಾದು, ಮತ್ತೆ ಕೇಳಿದರು. ಖಿನ್ನತೆ, ಜೊತೆಗೆ ಆತಂಕ. ಎರಡೂ ಒಟ್ಟಿಗೆ ಬರುವುದು ಸಾಮಾನ್ಯ ಅಂದರು. ದೊಡ್ಡ ಕಷ್ಟ ನಡೆಯುತ್ತಿರುವಾಗ ತಡೆದು ನಿಂತ ಮನಸ್ಸು ಕಷ್ಟ ಮುಗಿದ ಮೇಲೆ ಕುಸಿಯುವುದನ್ನು ಆ ಮಳೆಗಾಲದಲ್ಲಿ ದಿನವೂ ನೋಡುತ್ತಿದ್ದರಂತೆ. ಎಸ್ಸಿಟಲೋಪ್ರಾಮ್ ಅನ್ನುವ ಮಾತ್ರೆ ಬರೆದರು. ಎರಡು ವಾರದ ತನಕ ಏನೂ ಅನಿಸಲಿಕ್ಕಿಲ್ಲ, ಪೂರ್ತಿ ಗುಣ ಕಾಣಲು ಆರು ವಾರವಾದರೂ ಹಿಡಿಯಬಹುದು, ಮೊದಲು ಹೊಟ್ಟೆ ತೊಳಸಬಹುದು, ಚೆನ್ನಾಗಾಯಿತು ಅಂತ ನೀವೇ ನಿಲ್ಲಿಸಬೇಡಿ, ನಿಲ್ಲಿಸುವಾಗ ನಾನೇ ನಿಧಾನಕ್ಕೆ ಇಳಿಸುತ್ತೇನೆ. ಇಷ್ಟನ್ನೂ ಬಿಡಿಸಿ ಬಿಡಿಸಿ ಹೇಳಿದರು. ಹೇಳಿದ ಹಾಗೇ ಆಯಿತು. ಮೊದಲ ವಾರ ಹೊಟ್ಟೆ ತೊಳಸಿ ಬಿಡೋಣ ಅನಿಸಿತ್ತು. ಮೊದಲೇ ಹೇಳಿದ್ದರಿಂದ ಬಿಡಲಿಲ್ಲ.

ಅಮ್ಮನಿಗೆ ಹೇಳುವುದು ಹೇಗೆ ಅನ್ನುವುದೇ ನನಗೆ ದೊಡ್ಡದಾಗಿತ್ತು. ನಮ್ಮ ಕಡೆ ನಿಮ್ಹಾನ್ಸ್ ಅಂದರೆ ಹಳಬರ ಬಾಯಲ್ಲಿ ಇವತ್ತಿಗೂ ಹುಚ್ಚಾಸ್ಪತ್ರೆ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನು ಪಕ್ಕದ ತರಬೇತಿ ಸಂಸ್ಥೆಯ ಜೊತೆ ಸೇರಿಸಿ ದೊಡ್ಡ ಸಂಸ್ಥೆ ಕಟ್ಟಿದರೂ ಆ ಹೆಸರು ಬಿಟ್ಟಿಲ್ಲ. ಅಮ್ಮ ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತುಕೊಂಡಿದ್ದಳು. ಇದನ್ನು ಕೇಳಿದರೆ ಇನ್ನೊಂದು ಹೊರುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಎಲ್ಲ ಕೇಳಿ ಅಮ್ಮ, "ನಮ್ ಚಂದ್ರಶೇಖರ್ ಡಾಕ್ಟ್ರು ಬರೀತಿದ್ರಲ್ಲ, ಅದೇನೇ ಇದು? ಅದಕ್ಕೆ ಔಷಧಿ ಐತೆ ಕಣೆ. ಬಿಡ್ದೆ ನುಂಗು" ಅಂದಳು.

ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಬಗ್ಗೆ ಅಮ್ಮ ಹೇಳಿದ್ದು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಕನ್ನಡದಲ್ಲಿ ಇನ್ನೂರಕ್ಕೂ ಮಿಕ್ಕಿ ಪುಸ್ತಕ ಬರೆದಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ನಮ್ಮಮ್ಮ ಓದಿದ್ದು ಏಳನೇ ಕ್ಲಾಸು. ಪತ್ರಿಕೆ ಬಂದರೆ ಕೊಬ್ಬರಿ ಸುಲಿಯುವವರಿಗೆ ಕಾಫಿ ಕೊಟ್ಟು ಬಂದು ಜಗಲಿಯಲ್ಲಿ ಕೂತು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುವವಳು. ಅವಳಿಗೆ ಅರ್ಥವಾಗುವ ಕನ್ನಡದಲ್ಲಿ ಒಬ್ಬ ವೈದ್ಯರು ವರ್ಷಾನುಗಟ್ಟಲೆ ಕೂತು ಬರೆದದ್ದು, ಎಷ್ಟೋ ವರ್ಷ ಆದ ಮೇಲೆ, ಗುರುಗ್ರಾಮದಲ್ಲಿ ಮಲಗಿದ್ದ ನನಗೆ ಬಂದು ಮುಟ್ಟಿತು. ಆ ವೈದ್ಯರಿಗೂ ಅಮ್ಮನಿಗೂ ನಾನು ಋಣಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆಯುವುದೇ ಇಲ್ಲ. ನನ್ನಮ್ಮ ಅಳುತ್ತ ಹರಕೆ ಹೊತ್ತಿದ್ದರೆ ನಾನೂ ಆ ಬಹುಪಾಲಿನಲ್ಲೇ ಇರುತ್ತಿದ್ದೆನೋ ಏನೋ.

ಮಾತ್ರೆಯ ಜೊತೆ ಡಾಕ್ಟರು ಒಂದು ಕೆಲಸ ಕೊಟ್ಟಿದ್ದರು: ಮನಸ್ಸು ಬರಲಿ ಅಂತ ಕಾಯದೆ ದಿನವೂ ಒಂದೇ ಹೊತ್ತಿಗೆ ನಡೆಯುವುದು. ಮೊದಲು ಲಿಫ್ಟಿನ ತನಕ, ಆಮೇಲೆ ಗೇಟಿನ ತನಕ. ಚಳಿಗಾಲದ ಹೊತ್ತಿಗೆ ಅರಾವಳಿ ಬಯೋಡೈವರ್ಸಿಟಿ ಪಾರ್ಕಿನ ತನಕ. ಗಣಿಗಾರಿಕೆಯಿಂದ ಬೋಳಾಗಿದ್ದ ಸುಮಾರು 390 ಎಕರೆ ಜಾಗ ಅದು. 2010ರಿಂದ ಈಚೆಗೆ ಊರಿನ ಜನ ಸೇರಿಕೊಂಡು ಅರಾವಳಿಯದೇ ಮರಗಿಡಗಳನ್ನು ಹುಡುಕಿ ತಂದು ನೆಟ್ಟಿದ್ದಾರೆ. ಫೆಬ್ರುವರಿ ಕೊನೆಗೆ ಅಲ್ಲಿ ಮುತ್ತುಗ ಹೂ ಬಿಟ್ಟಿತ್ತು. ಆಂಟೀಜಿ ಜೊತೆಗೆ ಬರುತ್ತಿದ್ದರು. ಅವರಿಗೆ ಮಂಡಿನೋವು, ನನಗೆ ಮಾತಿಲ್ಲ, ಇಬ್ಬರಿಗೂ ನಿಧಾನವೇ ಹಿತ. ಒಂದು ದಿನ ಅವರು ಇದ್ದಕ್ಕಿದ್ದಂತೆ, 1984ರ ನವೆಂಬರಿನಲ್ಲಿ ದೆಹಲಿಯಲ್ಲಿ ಸಿಖ್ಖರ ಮೇಲೆ ನಡೆದ ಹಿಂಸೆಯಲ್ಲಿ ತಮ್ಮ ಮನೆಯವರಿಗೆ ಆದದ್ದನ್ನು ಹೇಳಿದರು. ಆಮೇಲೆ ವರ್ಷಗಟ್ಟಲೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತಿತ್ತಂತೆ. ಆವಾಗ ಹೇಳಿಕೊಳ್ಳುವುದಕ್ಕೆ ಯಾರೂ ಇರಲಿಲ್ಲ ಅಂದರು. ಅವರ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ.

ಗುಣ ಅನ್ನುವುದು ಒಂದು ದಿನ ಬಂದು ಬಾಗಿಲು ತಟ್ಟಲಿಲ್ಲ. ತರಕಾರಿಯವನಿಗೆ ಒಂದು ಬೆಳಗ್ಗೆ, "ಬೆಂಡೆಕಾಯಿ ಎಳೇದಿದ್ರೆ ಕೊಡಿ, ಬಲಿತದ್ದು ಬೇಡ" ಅಂದೆ. ಅವನು ನನ್ನ ಮುಖ ನೋಡಿ ನಕ್ಕ. ಮಾತ್ರೆಯನ್ನು ವರ್ಷ ದಾಟಿದ ಮೇಲೆ ಡಾಕ್ಟರು ಹಂತ ಹಂತವಾಗಿ ಇಳಿಸಿದರು. ಎದೆ ಹೊಡೆದುಕೊಳ್ಳುವುದು ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಬಂದಾಗ ಕೂತು, ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡುತ್ತೇನೆ. ಹೋಗುತ್ತದೆ. ಕಷ್ಟಗಳು ಜೊತೆಯಾಗಿ ಬಂದಾಗ ಹೆಸರು ಬರೆದು ಹಂಚುವ ಅಭ್ಯಾಸ ಮನೆಯಲ್ಲಿ ಎಲ್ಲರಿಗೂ ಆಗಿದೆ. ಮಗಳು ಕಾಲೇಜಿನ ಹಾಸ್ಟೆಲಿನಿಂದ ಫೋನು ಮಾಡಿ, "ಅಮ್ಮಾ, ಇದು ನಿನ್ನ ಪಾಲಿಗೆ ಬರೀಲಾ?" ಅಂತ ಕೇಳುತ್ತಾಳೆ.

2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಶುರುವಾಯಿತು. 14416ಕ್ಕೆ ಯಾವ ರಾಜ್ಯದಿಂದ, ಯಾವ ಹೊತ್ತಿನಲ್ಲಿ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಅದರ ಹಿಂದೆಯೂ ನಿಮ್ಹಾನ್ಸ್ ಇದೆ. ಆ ನಂಬರನ್ನು ನಮ್ಮ ಸೊಸೈಟಿಯ ಗೇಟಿನ ಸೆಕ್ಯುರಿಟಿಯವರ ಕೋಣೆಯಲ್ಲಿ ಬರೆಸಿದ್ದೇನೆ. ಬಿಹಾರದಿಂದ, ಬುಂದೇಲಖಂಡದಿಂದ ಬಂದು ಮನೆಯವರ ಮುಖ ವರ್ಷಕ್ಕೊಮ್ಮೆ ನೋಡುವ ಹುಡುಗರು ಅಲ್ಲಿ ರಾತ್ರಿಯಿಡೀ ಕೂತಿರುತ್ತಾರೆ.

ಕಳೆದ ವರ್ಷ ತಮ್ಮ ಒಂದು ರಾತ್ರಿ ಫೋನು ಮಾಡಿದ. ಅಪ್ಪನಿಗೆ ಆಪರೇಷನ್ ಆದ ಮೇಲೆ ಅವನು ಬೆಂಗಳೂರಿಗೆ ವಾಪಸು ಹೋಗಿರಲಿಲ್ಲ. ಊರಲ್ಲೇ ತೋಟ ನೋಡಿಕೊಳ್ಳುತ್ತಿದ್ದ. ಸಾಲ ತೀರಿರಲಿಲ್ಲ. ಕೊಬ್ಬರಿ ಧಾರಣೆ ಮಾತಾಡಿದ, ನುಸಿ ರೋಗ ಮಾತಾಡಿದ, ಮತ್ತೆ "ಹೂಂ ಅಕ್ಕ, ನೋಡಣ ಅಕ್ಕ" ಅನ್ನುವ ಆ ಹಳೆಯ ದನಿ. ಈ ಸಲ ನಾನು ಸುತ್ತಿ ಬಳಸಲಿಲ್ಲ. "ನಿದ್ದೆ ಬರ್ತಿದೆಯೇನೋ?" ಅಂದೆ. ಇಲ್ಲ ಅಂದ. "ಬದುಕೋದೇ ಬೇಡ ಅಂತ ಅನ್ಸುತ್ತಾ?" ಅಂತ ನೇರ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ಸುಳ್ಳು, ಕೇಳಬೇಕು ಅಂತ ನನ್ನ ಡಾಕ್ಟರು ಹೇಳಿದ್ದರು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಒಂದೊಂದ್ ದಿನ ಅನ್ಸುತ್ತಕ್ಕ" ಅಂದ. ಆ ರಾತ್ರಿ ಅಮ್ಮನನ್ನು ಎಬ್ಬಿಸಿ ಅವನ ಜೊತೆ ಕೂರಿಸಿದೆ, ಬೆಳಗಾಗುವ ತನಕ ಫೋನು ಇಡಲಿಲ್ಲ.

ಬೆಳಗಾದ ಮೇಲೆ ಅವನಿಗೆ ಹತ್ತಿರದಲ್ಲೇ ಡಾಕ್ಟರು ಬೇಕಾಗಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡಬಹುದು ಅಂತ ಮಾಡಿ ತೋರಿಸಿದ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದರದೇ ಮುಂದುವರಿಕೆಯಾಗಿ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಮನೋವೈದ್ಯರು ಬಂದು ನೋಡುತ್ತಾರೆ. ಇದನ್ನು ಹುಡುಕಿ ತಿಳಿದುಕೊಂಡದ್ದು ನಮ್ಮವರು. ತಮ್ಮನ ಜೊತೆ ಹೊರಟವಳು ಅಮ್ಮ. ಸಂಜೆ ಅವಳದೇ ಫೋನು.

"ಮಾತ್ರೆ ಕೊಟ್ಟವ್ರೆ, ದುಡ್ಡೇನೂ ಇಸ್ಕೊಳ್ಳಿಲ್ಲ. ಸಣ್ಣ ಹುಡ್ಗ ಡಾಕ್ಟ್ರು, ನಿಧಾನವಾಗಿ ಎಲ್ಲ ಕೇಳ್ದ. ಇವ್ನೂ ಬಾಯಿ ಬಿಟ್ಟು ಹೇಳ್ದ ಕಣೆ, ನಾನು ಆಚೆ ಕೂತಿದ್ದೆ. ಬರೋ ಮಂಗಳವಾರ ಮತ್ತೆ ಬರಕ್ಕೇಳವ್ರೆ. ಎಂಟೂವರೆ ಬಸ್ಸಿಗೆ ಹೊರಡ್ತೀವಿ, ಅಪ್ಪನ್ನ ನೋಡ್ಕಳಕ್ಕೆ ಪಕ್ಕದ್ಮನೆ ಅಕ್ಕಂಗೆ ಹೇಳಿದೀನಿ. ನೀನು ಅವತ್ತು ಮಧ್ಯಾಹ್ನ ಒಂದು ಫೋನ್ ಮಾಡು, ಅಷ್ಟು ಸಾಕು."